ಕಾಲಗಲಿಸಿ ನಿಲ್ಲಿ ಎಂದವರು

ಸಿಂಚನಾ, ದೀಕ್ಷಿತ್, ನಿಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಬೇಕಾದದ್ದನ್ನು ಬರೆದಿಡುತ್ತಿದ್ದೇನೆ. ನಿಮ್ಮಜ್ಜಿಗೆ ನಾಲ್ಕು ಮಾತು ಜೋಡಿಸಿ ಆಡಲು ಬರುವುದಿಲ್ಲ ಎಂದು ನಿಮಗೇ ಗೊತ್ತು. ಮನೆಗೆ ಯಾರಾದರೂ ಬಂದರೆ ಕಾಫಿ ಕೊಟ್ಟು ಒಳಗೆ ಹೋಗಿಬಿಡುವವಳು ನಾನು. ಆದರೆ ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದು ಸಾಕು.

ಹೋದ ವಾರ ನಾನು ಗುಬ್ಬಿಯಿಂದ ಬಂದು ನೇರ ಬಚ್ಚಲಿಗೆ ಹೋದಾಗ, "ಸತ್ತೋಗಿದ್ದು ಯಾರು, ಅಜ್ಜಿ? ನಮ್ಮೋರಾ?" ಎಂದು ದೀಕ್ಷಿತ್ ಕೇಳಿದ. ಹೂಂ ಅಂದೆ. "ನಮಗೆ ಹೆಂಗೆ ಸಂಬಂಧ?" ಎಂದು ಸಿಂಚನ ಬಾಗಿಲ ಹೊರಗೆ ನಿಂತು ಕೇಳುತ್ತಲೇ ಇದ್ದಳು. ಅದಕ್ಕೆ ಒಂದು ಮಾತಿನ ಉತ್ತರ ಇಲ್ಲ. ಸತ್ತವರು ನಿಮ್ಮಮ್ಮನಿಗೆ ಹೈಸ್ಕೂಲಿನಲ್ಲಿ ಆಟ ಕಲಿಸಿದವರು. ಹೆಸರು ಬರೆಯುವುದಿಲ್ಲ. ನಮ್ಮೂರು ನಿಟ್ಟೂರಿನಲ್ಲಿ ಅವರನ್ನು ಯಾರೂ ಹೆಸರಿನಿಂದ ಕರೆದವರಲ್ಲ. ಮಕ್ಕಳಿಗೂ ದೊಡ್ಡವರಿಗೂ ಅವರು ಪೀಟಿ ಮೇಡಮ್ಮು.

ಗುಬ್ಬಿಯ ಸಾಬರ ಬೀದಿಯವರು. ದಿನಾ ಮೊಪೆಡ್ಡಿನಲ್ಲಿ ನಿಟ್ಟೂರಿಗೆ ಬರುತ್ತಿದ್ದರು. ಚೂಡಿದಾರ, ತಲೆಗೆ ಬಿಗಿಯಾಗಿ ಕಟ್ಟಿದ ದುಪಟ್ಟಾ, ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು. ಎಡಗಾಲು ಸ್ವಲ್ಪ ಎಳೆಯುತ್ತಿದ್ದರು. ಕೊರಳಲ್ಲಿ ವಿಷಲ್ ಇರುತ್ತಿತ್ತು, ಊದಿದ್ದನ್ನು ನಾನು ಕಾಣೆ. ಅಂಗೈ ತಟ್ಟುತ್ತಿದ್ದರು, ಅಷ್ಟೇ. ಆ ಚಪ್ಪಾಳೆ ರೈಲ್ವೆ ಗೇಟಿನವರೆಗೆ ಕೇಳುತ್ತಿತ್ತು.

ಅವರು ಬರುವುದಕ್ಕೆ ಮುಂಚೆ ನಮ್ಮೂರ ಹುಡುಗಿಯರ ಖೋಖೋ ಟೀಮು ಕುಣಿಗಲ್ಲಿಗೆ ಮ್ಯಾಚಿಗೆ ಹೋಗಿತ್ತು. ನಮ್ಮ ಬೀದಿಯ ಮಂಜುಳ ಅಲ್ಲಿ ಓಡುತ್ತಾ ಓಡುತ್ತಾ ಗಕ್ಕನೆ ನಿಂತು ತಿರುಗಲು ಹೋಗಿ ಬಿದ್ದಳು. ಯಾರೂ ಮುಟ್ಟಿರಲಿಲ್ಲ, ನೆಲ ಒದ್ದೆಯಿರಲಿಲ್ಲ. ಮಂಡಿಯೊಳಗೆ ಏನೋ ಪಟ್ಟೆಂದು ಹರಿದ ಸದ್ದು ಪಕ್ಕದಲ್ಲಿದ್ದ ನಿಮ್ಮಮ್ಮನಿಗೂ ಕೇಳಿಸಿತಂತೆ. ನಾಟಿ ವೈದ್ಯರ ಹತ್ತಿರ ಪಟ್ಟು ಹಾಕಿಸಿದರು. ಊತ ಇಳಿಯಿತು, ಮಂಡಿ ಮೊದಲಿನಂತೆ ಆಗಲಿಲ್ಲ. ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದಂತೆ ಕಾಲು ಕೈಕೊಡುತ್ತಿತ್ತು. ದೃಷ್ಟಿ ತಗುಲಿತು ಅಂದರು. ಹೆಣ್ಣುಮಕ್ಕಳಿಗೆ ಈ ಆಟ ಯಾಕೆ ಅಂದರು.

ಪೀಟಿ ಮೇಡಮ್ಮು ನಮ್ಮೂರಿಗೆ ಬಂದವರು ಮೊದಲು ಹೋದದ್ದು ಮೈದಾನಕ್ಕಲ್ಲ, ಮಂಜುಳನ ಮನೆಗೆ. ಪಕ್ಕದ ಮನೆಯ ಜಗಲಿಯಲ್ಲಿ ನಾನು ರಾಗಿ ಕೇರುತ್ತಿದ್ದೆ. ಅವರು ನೆಲಕ್ಕೆ ಕೂತು ಆ ಹುಡುಗಿಯ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, "ನಿಂತಾಗ ಎತ್ಲಾಗೆ ಹೋಯ್ತು ಮಗಳೇ? ಒಳಕ್ಕಾ, ಹೊರಕ್ಕಾ?" ಎಂದು ಕೇಳಿದರು.

"ಒಳಕ್ಕೆ ಮಿಸ್."

"ಹಂಗೇ ಅನ್ಕಂಡೆ" ಎಂದರು. ಮುಖ ಕೆಂಪಗಾಗಿತ್ತು. ಯಾರ ಮೇಲೆ ಸಿಟ್ಟು ಎಂದು ಆಗ ನನಗೆ ತಿಳಿಯಲಿಲ್ಲ.

ಮಾರನೆಯ ದಿನದಿಂದ ಮೈದಾನದಲ್ಲಿ ನಡೆದದ್ದನ್ನು ನೋಡಿ ಊರು ನಕ್ಕಿತು. ಖೋಖೋದಲ್ಲಿ ಬೆನ್ನಟ್ಟಿ ಬರುವವಳು ಹಿಂದಕ್ಕೆ ತಿರುಗುವಂತಿಲ್ಲ. ಓಡುವವಳು ಥಟ್ಟನೆ ನಿಂತುಬಿಟ್ಟರೆ ಅವಳು ಮುಂದೆ ಹೋಗಿಬಿಡುತ್ತಾಳೆ. ಹಾಗಾಗಿ ಓಟಕ್ಕಿಂತ ನಿಲ್ಲುವುದೇ ದೊಡ್ಡದು ಎಂದು ಮೇಡಮ್ಮಿನ ಲೆಕ್ಕ. "ಓಡೋದು ನಿಮಗೆ ಬರುತ್ತೆ ಕಣ್ರೇ. ನಾಯಿ ಅಟ್ಟಿಸ್ಕಂಡು ಬಂದ್ರೆ ಎಲ್ರೂ ಓಡ್ತಾರೆ. ನಾನು ಚಪ್ಪಾಳೆ ತಟ್ಟಿದ ಕಡೆ ನಿಂತು ತೋರ್ಸಿ" ಎಂದರು. ತಟ್ಟಿದರು. ಒಬ್ಬಳೂ ಸರಿಯಾಗಿ ನಿಲ್ಲಲಿಲ್ಲ. ಕೆಲವರು ಮುಗ್ಗರಿಸಿದರು, ಕೆಲವರು ದಾಟಿ ಹೋದರು. ನಿಮ್ಮಮ್ಮ ರೂಪ ನಿಂತಳು, ಆದರೆ ನೆಟ್ಟ ಕಂಬದ ಹಾಗೆ, ಕಾಲೆರಡೂ ಕೂಡಿಸಿ, ಸೆಟೆದು. ಮೇಡಮ್ಮು ಅವಳನ್ನೇ ಎಲ್ಲರಿಗೂ ತೋರಿಸಿ, "ನೋಡಿ, ಮುಂದಿನ ಮಂಜುಳ ಇವಳೇ" ಎಂದುಬಿಟ್ಟರು. ಮನೆಗೆ ಬಂದು ಅವಳು ಊಟ ಮಾಡಲಿಲ್ಲ.

ನಮ್ಮಲ್ಲಿ ಹೆಣ್ಣುಮಗುವಿಗೆ ನಡೆಯಲು ಬಂದ ದಿನದಿಂದ ಹೇಳುವ ಮಾತು ಒಂದೇ: ಕಾಲು ಕೂಡಿಸು. ಕೂತರೆ ಕಾಲು ಕೂಡಿಸು, ನಿಂತರೆ ಮಂಡಿ ಕೂಡಿಸು, ಬಗ್ಗಿದರೆ ಹಿಂದೆ ಯಾರಿದ್ದಾರೆ ನೋಡು. ನನಗೆ ನಮ್ಮಮ್ಮ ಹೇಳಿದಳು, ನಾನು ರೂಪಳಿಗೆ ಹೇಳಿದೆ. ಆಮೇಲೆ ತಲೆಯ ಮೇಲೆ ಬಿಂದಿಗೆ ಹೊರುತ್ತೇವೆ, ಕಾಯಿ ತುಂಬಿದ ಕುಕ್ಕೆ ಹೊರುತ್ತೇವೆ. ತುಳುಕಬಾರದು, ಅಲುಗಬಾರದು. ಹಾಗಾಗಿ ಮಂಡಿ ಮಡಿಸದೆ ನೆಟ್ಟಗೆ ನಿಲ್ಲುವುದು ನಮ್ಮ ಮೈಗೆ ಕೂತುಬಿಟ್ಟಿದೆ. ಅದನ್ನೇ ಓಡುವಾಗ ಮಾಡಿದರೆ, ಬರುವ ರಭಸವೆಲ್ಲ ಮಂಡಿಯೊಂದರ ಮೇಲೆ ಬಿದ್ದು ಅದು ಒಳಕ್ಕೆ ಮುರಿಯುತ್ತದೆ ಎಂದು ಮೇಡಮ್ಮು ಹೇಳುತ್ತಿದ್ದರು. "ನಿಮ್ ತಾಯಂದ್ರ ತಲೆ ಮೇಲಿನ ಬಿಂದಿಗೆ ನಿಮ್ ಮಂಡೀಲಿ ಕೂತಿದೆ. ಇಳ್ಸಿ ಅದನ್ನ."

ಇಳಿಸುವುದು ಹೇಗೆ ಎಂದು ಕಲಿಸಿದ್ದೇ ತಂಟೆಗೆ ಕಾರಣ. ನಿಲ್ಲುವ ಮುಂಚೆ ಹೆಜ್ಜೆ ಚಿಕ್ಕದು ಮಾಡಬೇಕು. ಕಾಲು ಅಗಲಿಸಬೇಕು. ಮಂಡಿ ಮಡಿಸಿ, ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ಬಿಟ್ಟು, ಎದೆ ಮುಂದೆ ಇಟ್ಟು, ಕುರ್ಚಿಯ ಮೇಲೆ ಅರ್ಧ ಕೂತ ಹಾಗೆ ನಿಲ್ಲಬೇಕು. "ಮಂಡಿ ಮಂಡಿ ಮುತ್ತಿಟ್ಕಬಾರ್ದು" ಎಂದು ಕೂಗುತ್ತಿದ್ದರು. ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. "ನಗ್ರೇ, ನಗ್ತಾ ನಗ್ತಾ ಮಾಡಿ. ಹೊಲದಲ್ಲಿ ಕಳೆ ಕೀಳೋವಾಗ ಹಿಂಗೇ ತಾನೇ ಬಗ್ಗಿರ್ತೀರಿ? ಆಗ ಇಲ್ಲದ ನಾಚ್ಕೆ ಇಲ್ಲೇನು?"

ಒಂದು ಸಂಜೆ ಕೊಬ್ಬರಿ ಅಟ್ಟದ ಕೆಲಸ ಮುಗಿಸಿ ಬರುತ್ತಾ ಹೊಂಗೆ ಮರದ ಹಿಂದೆ ನಿಂತು ನೋಡಿದೆ. ಮೇಡಮ್ಮು ಹುಡುಗಿಯರಿಗೆ ಬೆನ್ನು ತಿರುಗಿಸಿ ನಿಂತಿದ್ದರು. ಹುಡುಗಿಯರು ಒಬ್ಬೊಬ್ಬರಾಗಿ ಓಡಿ ಬಂದು ಅವರ ಹಿಂದೆ ನಿಲ್ಲಬೇಕು. ಅವರು ಕಣ್ಣು ಮುಚ್ಚಿ ಬರಿಯ ಸದ್ದು ಕೇಳುತ್ತಿದ್ದರು.

"ಧಡ್ ಅಂತು. ಹಿಮ್ಮಡಿ. ಇನ್ನೊಂದ್ಸಲ."

"ಇದು ಪರ್ವಾಗಿಲ್ಲ, ಆದ್ರೆ ಬಲಗಾಲೇ ಎಲ್ಲ ಹೊತ್ತದೆ. ಎಡಗಾಲೇನು ನೆಂಟ್ರ ಮನೆಗೆ ಬಂದೈತಾ?"

ಆಮೇಲೆ ಒಬ್ಬಳು ಬಂದಳು. ಸದ್ದೇ ಆಗಲಿಲ್ಲ. ಮೇಡಮ್ಮು ಸ್ವಲ್ಪ ಹೊತ್ತು ಕಾದು, "ಬಂದ್ಯೇನೇ?" ಎಂದು ಕೇಳಿದರು.

"ಬಂದಿದೀನಿ ಮಿಸ್" ಎಂದಳು ರೂಪ, ಅವರ ಬೆನ್ನ ಹಿಂದಿನಿಂದಲೇ. ಕಾಲಗಲಿಸಿ, ಸೊಂಟ ಇಳಿಸಿ, ಬೆಕ್ಕಿನ ಹಾಗೆ ನಿಂತಿದ್ದಳು. ನನಗೆ ಮೈ ಝುಮ್ಮೆಂದಿತು. ನಾಚಿಕೆಯೂ ಆಯಿತು, ಅದನ್ನೂ ಬರೆಯುತ್ತೇನೆ. ಆದರೆ ಅಷ್ಟು ಚೆಂದವಾಗಿ ಯಾರಾದರೂ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವರ ಎಡಗಾಲಿನ ವಿಷಯವನ್ನು ಹುಡುಗಿಯರು ಕೇಳಿಯೇ ಬಿಟ್ಟರಂತೆ. "ಬಿದ್ರಾ ಮಿಸ್?" "ಬಿದ್ದಿಲ್ಲ ಕಣ್ರೇ. ತುಮಕೂರಲ್ಲಿ ಮ್ಯಾಚು, ಎಲ್ರೂ ನೋಡ್ತಾ ಇದ್ರು. ಬಗ್ಗಿದ್ರೆ ಏನಂತಾರೋ ಅಂತ ನೆಟ್ಟಗೆ ನಿಂತೆ. ಮರ್ಯಾದೆ ಉಳೀತು, ಮಂಡಿ ಹೋಯ್ತು. ಆ ಮರ್ಯಾದೇನ ಏನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?"

ಆ ಕಾಲದಲ್ಲಿ ನಾವು ನಿಮ್ಮ ತಾತನ ಅಣ್ಣನ ಮನೆಯಲ್ಲಿದ್ದೆವು. ನಿಮ್ಮ ತಾತ ತೀರಿಕೊಂಡ ಮೇಲೆ ನನಗೂ ರೂಪಳಿಗೂ ಅದೇ ನೆಲೆ. ಭಾವ ಕೆಟ್ಟವರಲ್ಲ. ಬೆಳಿಗ್ಗೆ ವಿಭೂತಿ ಹಚ್ಚಿ ಪೂಜೆ ಮಾಡದೆ ನೀರು ಮುಟ್ಟುತ್ತಿರಲಿಲ್ಲ, ನಮಗೆ ಊಟ ಬಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಆ ಮನೆಯಲ್ಲಿ ಅವರ ಮಾತು ಒಂದೇ ಮಾತು. ಅವರೆದುರು ನಾನು ತಲೆಯ ಮೇಲೆ ಸೆರಗು ಹೊದ್ದು, ಬಾಗಿಲ ಹಿಂದಿನಿಂದ "ಹೂಂ", "ಊಹೂಂ" ಎಂದಷ್ಟೇ ಹೇಳಿದವಳು.

ಒಂದು ದಿನ ಟೀ ಅಂಗಡಿಯಲ್ಲಿ ಯಾರೋ ಅವರಿಗೆ ಹೇಳಿದರಂತೆ: "ಏನ್ ಗೌಡ್ರೇ, ನಿಮ್ ತಮ್ಮನ ಮಗಳು ಮೈದಾನದಲ್ಲಿ ಚೊಂಬು ಹಿಡ್ದು ಕೆರೆ ಕಡೆ ಹೋದೋರು ಕೂತಂಗೆ ಕೂತು ನಿಲ್ತಾಳಂತೆ?" ಅಂಗಡಿಯೆಲ್ಲ ನಕ್ಕಿತಂತೆ. ಭಾವ ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ, "ನಾಳೆಯಿಂದ ರೂಪ ಸ್ಕೂಲಿಗೆ ಹೋಗೋದು ಬ್ಯಾಡ. ಈ ವರ್ಷವೇ ಒಂದ್ ಗಂಡು ನೋಡ್ಬುಡಾನ" ಎಂದರು.

ಸುದ್ದಿ ಮೇಡಮ್ಮಿಗೆ ಮುಟ್ಟಿತು. ಸಂಜೆಗೇ ಮೊಪೆಡ್ಡು ನಮ್ಮ ಬಾಗಿಲಿಗೆ ಬಂತು. ಭಾವ ಜಗಲಿಯಲ್ಲಿದ್ದರು, ಕೂತುಕೊಳ್ಳಿ ಎನ್ನಲಿಲ್ಲ. ಮೇಡಮ್ಮು ಅಂಗಳದಲ್ಲೇ ನಿಂತರು.

"ನಮ್ಮನೆ ಹೆಣ್ಮಕ್ಳು ಕಾಲು ಕೂಡಿಸ್ಕಂಡು ನಿಲ್ಲೋರು ಕಣಮ್ಮ" ಎಂದರು ಭಾವ.

"ಅದಕ್ಕೇ ಸರ್ ಮಂಡಿ ಹೋಗೋದು. ಮಂಜುಳನ್ನ ನೋಡಿದ್ರಲ್ಲ."

"ನಿಮ್ ಮನೇಲಿ ಇದಕ್ಕೆಲ್ಲ ಒಪ್ತಾರಾ? ನಿಮ್ ಜನ ಇನ್ನೂ ಸ್ಟ್ರಿಕ್ಟು ಅಂತಾರೆ."

"ಎಲ್ಲಿ ಒಪ್ತಾರೆ ಸರ್. ನಮ್ಮಣ್ಣ ನಿಮಗಿಂತ ಜೋರಾಗಿ ಬೈತಾನೆ. ಬೈಸ್ಕತೀನಿ, ಬೆಳಗ್ಗೆ ಗಾಡಿ ತಗೊಂಡು ಬರ್ತೀನಿ." ಆಮೇಲೆ ಬಾಗಿಲ ಕಡೆಗೆ ತಿರುಗಿ, ನಾನು ಅಲ್ಲಿ ನಿಂತಿದ್ದೇನೆ ಎಂದು ಗೊತ್ತಿದ್ದವರ ಹಾಗೆ, "ಅಕ್ಕಾ, ನಾಳೆ ಪ್ರಾಕ್ಟೀಸಿದೆ. ಕುಣಿಗಲ್ ಮ್ಯಾಚು ಹತ್ರ ಬಂತು. ಕಳ್ಸೋದು ಬಿಡೋದು ನಿಮ್ಮಿಷ್ಟ" ಎಂದು ಹೊರಟುಹೋದರು.

ನಿಮ್ಮಿಷ್ಟ. ಆ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಒಲೆಯ ಮುಂದೆ ಕೂತು ಮುದ್ದೆ ತಿರುವುವಾಗಲೂ ಅದೇ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಬೆಳಿಗ್ಗೆ ಭಾವ ತೋಟಕ್ಕೆ ಹೋದ ಮೇಲೆ ರೂಪಳ ಜಡೆ ಬಿಗಿಯಾಗಿ ಹೆಣೆದು, "ಹೋಗು" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ದೊಡ್ಡಪ್ಪ?" "ಹೋಗು ಅಂದ್ನಲ್ಲ."

ಸಂಜೆ ಭಾವನಿಗೆ ಗೊತ್ತಾಯಿತು. ತೋಟದಿಂದ ನೇರ ಮೈದಾನದ ಕಡೆಗೆ ದಾಪುಗಾಲು ಹಾಕಿದರು. ತೋಟದಿಂದ ಕಾಯಿ ಹೊತ್ತು ಬರುತ್ತಿದ್ದ ನಾನು ಕುಕ್ಕೆಯನ್ನು ದಾರಿಯಲ್ಲೇ ಇಳಿಸಿ ಅವರ ಹಿಂದೆ ಓಡಿದೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಮಗಳನ್ನು ಹೊಡೆದರೆ ಅಡ್ಡ ಹೋಗಬೇಕು ಎಂದಷ್ಟೇ.

ಆಟ ನಡೆಯುತ್ತಿತ್ತು. ಭಾವ ಸುಣ್ಣದ ಗೆರೆ ದಾಟಿ ಮೈದಾನದ ನಡುವಿಗೇ ಹೋಗಿಬಿಟ್ಟರು. ರೂಪ ಆ ತುದಿಯ ಕಂಬ ಸುತ್ತಿ ಈ ಕಡೆಗೆ ಪೂರಾ ರಭಸದಲ್ಲಿ ಬರುತ್ತಿದ್ದಳು. ಅವರು ಅಡ್ಡ ಬಂದದ್ದು ಅವಳಿಗೆ ಕಂಡಾಗ ನಡುವೆ ಜಾಗವೇ ಉಳಿದಿರಲಿಲ್ಲ. ನಾನು "ಅಯ್ಯೋ" ಎಂದೆ. ಭಾವ ಎರಡೂ ಕೈ ಮುಂದೆ ಚಾಚಿ, ಕಣ್ಣು ಮುಚ್ಚಿಕೊಂಡರು.

ಚಿಕ್ಕ ಚಿಕ್ಕ ಹೆಜ್ಜೆ, ಸರಸರನೆ. ಕಾಲಗಲಿಸಿದಳು, ಸೊಂಟ ಇಳಿಸಿದಳು, ನಿಂತಳು. ಅವರ ಬೆರಳ ತುದಿಗೂ ಅವಳಿಗೂ ನಡುವೆ ಒಂದು ಗೇಣು. ಧೂಳು ಮಾತ್ರ ಮುಂದೆ ಹೋಗಿ ಅವರ ಪಂಚೆಗೆ ತಾಗಿತು. ಯಾವ ನಿಲುವಿಗೆ ಊರು ನಕ್ಕಿತೋ ಅದೇ ನಿಲುವಿನಲ್ಲಿ, ಮುಖ ಎತ್ತಿ ದೊಡ್ಡಪ್ಪನನ್ನೇ ನೋಡುತ್ತಿದ್ದಳು. ಭಾವ ಕಣ್ಣು ತೆರೆದು ಎರಡು ಹೆಜ್ಜೆ ಹಿಂದಕ್ಕೆ ತತ್ತರಿಸಿದರು. ತಡವರಿಸಿದವರು ಅವರು, ಓಡಿ ಬಂದವಳಲ್ಲ.

"ನಡೀ ಮನೆಗೆ!"

"ಆಟ ಮುಗಿದ ಮೇಲೆ ಬರ್ತೀನಿ ದೊಡ್ಡಪ್ಪ" ಎಂದಳು. ಏದುಸಿರಿತ್ತು, ಗಲಾಟೆ ಇರಲಿಲ್ಲ.

ಮೇಡಮ್ಮು ಗೆರೆಯ ಆಚೆಯೇ ಉಳಿದರು. ಕೈ ಕಟ್ಟಿ ನಿಂತಿದ್ದರು. ಭಾವ ನನ್ನ ಕಡೆ ತಿರುಗಿ, "ಏನಮ್ಮ, ನಿನ್ ಮಗಳ ಮಾತು ಕೇಳಿಸ್ತಾ? ಹೇಳು ಅವಳಿಗೆ" ಎಂದರು.

ಎಲ್ಲ ಹುಡುಗಿಯರೂ ನನ್ನನ್ನೇ ನೋಡುತ್ತಿದ್ದರು. ಓಡಿ ಬಂದದ್ದರಲ್ಲಿ ನನ್ನ ತಲೆಯ ಸೆರಗು ಜಾರಿತ್ತು. ಮತ್ತೆ ಹೊದೆಯಲು ಕೈ ಎತ್ತಿದೆ, ಹಾಗೇ ಇಳಿಸಿದೆ.

"ಆಡ್ಲಿ ಬುಡಿ ಭಾವ" ಎಂದೆ. "ಸ್ಕೂಲಿಗೂ ಹೋಗ್ತಾಳೆ. ಮದ್ವೆ ಮಾತು ಈಗ ಬ್ಯಾಡ."

"ಹಂಗಾದ್ರೆ ನಮ್ಮನೇಲಿ ಇರಕ್ಕಾಗಲ್ಲ."

"ಆಯ್ತು."

ಅಷ್ಟೇ ಮಾತು. ಅವರು ಹೋದ ಮೇಲೆ ನನ್ನ ಕಾಲು ನಡುಗಲು ಶುರುವಾಯಿತು. ಮೇಡಮ್ಮು ಹತ್ತಿರ ಬಂದು ಭುಜ ಹಿಡಿದುಕೊಂಡರು. ಶಭಾಶ್ ಎನ್ನುವವರಲ್ಲ ಅವರು. "ಕಾಲಗಲ್ಸಿ ನಿಂತ್ಕಳಿ ಅಕ್ಕಾ, ನಡುಕ ಕಮ್ಮಿ ಆಯ್ತದೆ" ಎಂದರು. ಹುಡುಗಿಯರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ನಿಂತೆ. ನಿಜವಾಗಿಯೂ ಕಡಿಮೆಯಾಯಿತು.

ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಹಿಡಿದೆವು. ನಾನು ಬೇರೆಯವರ ಕೊಬ್ಬರಿ ಸುಲಿಯುವ ಕೆಲಸಕ್ಕೆ ಸೇರಿದೆ. ಮಾರನೆಯ ದಿನ ಮೇಡಮ್ಮು ಮೊಪೆಡ್ಡಿನ ಹಿಂದೆ ಒಂದು ಸೀಮೆಎಣ್ಣೆ ಸ್ಟವ್ ಕಟ್ಟಿಕೊಂಡು ಬಂದರು. "ನಮ್ಮಮ್ಮಂದು. ಕೇಳ್ದಲೇ ತಂದಿದೀನಿ. ಸಂಜೆ ಇದೆ ನಂಗೆ ಹಬ್ಬ" ಎಂದು ಕಣ್ಣು ಮಿಟುಕಿಸಿದರು. ಆ ಸ್ಟವ್ ಮೇಲೆ ನಾನು ಮಾಡಿದ ಮೊದಲ ಅಡುಗೆ ಅವಲಕ್ಕಿ ಒಗ್ಗರಣೆ. ಮೂವರೂ ನೆಲದ ಮೇಲೆ ಕೂತು ತಿಂದೆವು.

ಕುಣಿಗಲ್ ಮ್ಯಾಚಿನಲ್ಲಿ ಗೆದ್ದರಾ ಎಂದು ದೀಕ್ಷಿತ್ ಕೇಳುತ್ತಾನೆ. ಇಲ್ಲ, ಸೋತರು. ಬಸ್ಸಿನಲ್ಲಿ ಹುಡುಗಿಯರೆಲ್ಲ ಅಳುತ್ತಿದ್ದರೆ ಮೇಡಮ್ಮು ಮಾತ್ರ ಜೇಬಿನ ಸೋಂಪು ಹಂಚುತ್ತಾ, "ಯಾಕ್ರೇ ಅಳ್ತೀರಾ? ಬಂದ ಮಂಡಿಗಳೆಲ್ಲ ಸರಿಯಾಗಿ ವಾಪಸ್ ಹೋಗ್ತಾ ಇದಾವೆ. ನಂಗೆ ಇದೇ ಕಪ್ಪು" ಎಂದರಂತೆ. ಆಮೇಲೆ ಬಂದ ವರ್ಷಗಳಲ್ಲಿ ಗೆದ್ದ ಕಪ್ಪುಗಳೂ ಇವೆ, ಅವನ್ನು ನಿಮ್ಮಮ್ಮ ತೋರಿಸಿದ್ದಾಳೆ. ಆದರೆ ಅವರು ನೆನೆಯುತ್ತಿದ್ದದ್ದು ಆ ಸೋತ ಮ್ಯಾಚನ್ನೇ.

ನಿಮ್ಮಮ್ಮ ಕಂಡಕ್ಟರ್ ಆಗಿ ಕುಣಿಗಲ್ ರೂಟಿನ ಬಸ್ಸಿನಲ್ಲಿ ಕೆಲಸ ಮಾಡುವುದನ್ನು ನೀವು ನೋಡಿದ್ದೀರಿ. ಡ್ರೈವರ್ ಬ್ರೇಕ್ ಒತ್ತಿದಾಗ ಬಸ್ಸಿಗೆ ಬಸ್ಸೇ ಮುಂದಕ್ಕೆ ವಾಲುತ್ತದೆ. ಅವಳು ಯಾವ ಕಂಬಿಯನ್ನೂ ಹಿಡಿಯದೆ, ಮಂಡಿ ಮಡಿಸಿ, ಕೈಯಲ್ಲಿ ಟಿಕೆಟ್ ಮೆಷಿನ್ ಹಿಡಿದು ಹಾಗೇ ನಿಂತಿರುತ್ತಾಳೆ. ಅದನ್ನು ಅವಳು ಬಸ್ಸಿನಲ್ಲಿ ಕಲಿತದ್ದಲ್ಲ.

ಹೋದ ಬೇಸಿಗೆಯಲ್ಲಿ ನಾನು ಗುಬ್ಬಿಗೆ ಅವರನ್ನು ನೋಡಲು ಹೋಗಿದ್ದೆ. ಕಾಯಿಲೆ ಅವರನ್ನು ಕಡ್ಡಿ ಮಾಡಿತ್ತು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ದೊಪ್ಪೆಂದು ಕೂತೆ. ಮಂಚದ ಮೇಲಿಂದ ಧ್ವನಿ ಬಂತು: "ಏಳಿ. ಮತ್ತೆ ಕೂತ್ಕಳಿ."

"ಯಾಕೆ ಮೇಡಂ?"

"ಕೂರೋದಲ್ಲ ಅದು, ಬೀಳೋದು. ವಯಸ್ಸಾದೋರು ಹಿಂಗೆ ಬಿದ್ದೇ ಸೊಂಟ ಮುರ್ಕಳೋದು. ಕಾಲಗಲ್ಸಿ, ನಿಧಾನಕ್ಕೆ ಇಳೀರಿ. ಕುರ್ಚಿಗೆ ನೀವು ಬಂದಿದ್ದು ಗೊತ್ತಾಗಬಾರ್ದು." ಸದ್ದಾಗದೆ ಕೂರುವವರೆಗೂ ಬಿಡಲಿಲ್ಲ. ಅವರ ಅತ್ತಿಗೆ ಬಾಗಿಲಲ್ಲಿ ನಿಂತು, "ಸಾಯೋ ಹೊತ್ನಲ್ಲೂ ಇವಳ ಡ್ರಿಲ್ಲು ನಿಲ್ಲಲ್ಲ" ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡರು. ಈಗಲೂ ನಾನು ಹಾಗೇ ಕೂರುತ್ತೇನೆ, ನೋಡಿ.

ಇನ್ನು ಈ ಹಾಳೆಗಳನ್ನು ಬರೆದದ್ದು ಯಾಕೆ ಎಂದು ಹೇಳುತ್ತೇನೆ. ಹೋದ ವಾರ ಮಣ್ಣು ಮುಗಿದ ಮೇಲೆ ಗುಬ್ಬಿ ಬಸ್ ಸ್ಟಾಂಡಿನಲ್ಲಿ ಭಾವ ಸಿಕ್ಕಿದರು. ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ಜೊತೆಯಲ್ಲಿ ನಿಟ್ಟೂರಿನವರು ನಾಲ್ಕೈದು ಜನ. "ಹೋಗಿದ್ದೇನಮ್ಮ?" ಎಂದು ಕೇಳಿ, ಅವರ ಕಡೆ ತಿರುಗಿ, "ಪಾಪದೋಳು ಕಣ್ರಪ್ಪ ಇವಳು. ನನ್ ಎದುರು ಬಾಯಿ ಎತ್ತಿದೋಳಲ್ಲ. ಆ ಪೀಟಿಯಮ್ಮ ತಲೆ ಕೆಡಿಸಿ ನಮ್ಮನೆ ಒಡೆದ್ಲು" ಎಂದರು. ಪ್ರೀತಿಯಿಂದಲೇ ಹೇಳಿದರು. ಇಷ್ಟು ವರ್ಷವೂ ಊರಿನಲ್ಲಿ ಈ ಮಾತೇ ನಡೆದಿದೆ. ಮೇಡಮ್ಮಿಗೂ ಗೊತ್ತಿತ್ತು, ಅವರು ಒಂದು ದಿನವೂ ಅಲ್ಲ ಎನ್ನಲಿಲ್ಲ. ನನ್ನ ಮೇಲೆ ಬರಬೇಕಾದ ಬೈಗುಳವನ್ನು ಅವರು ಹೊತ್ತುಕೊಂಡು ಓಡಾಡಿದರು. ಊರು ನನ್ನನ್ನು ಪಾಪದವಳು ಎಂದು ಕ್ಷಮಿಸಿತು.

ಆ ಕ್ಷಮೆ ನನಗೆ ಬೇಡ. ಬಸ್ ಸ್ಟಾಂಡಿನಲ್ಲಿ ಅಷ್ಟು ಜನರ ನಡುವೆ ನಾನು ಹೇಳಿದೆ: "ಅವ್ರು ನಿಮ್ಮಿಷ್ಟ ಅಂದ್ರು ಭಾವ, ಅಷ್ಟೇ. ಮಗಳನ್ನ ಕಳ್ಸಿದೋಳು ನಾನು, ಮನೆ ಬಿಟ್ಟೋಳು ನಾನು. ಒಡ್ದಿದ್ದು ಅಂದ್ರೆ ನಾನೇ ಒಡ್ದೆ." ಭಾವ ನಕ್ಕುಬಿಟ್ಟರು. "ನೋಡ್ರಪ್ಪ, ಸತ್ತೋರ ಮ್ಯಾಲೆ ತಪ್ಪು ಬರಬಾರ್ದು ಅಂತ ತಾನೇ ಹೊತ್ಕತಾಳೆ. ಎಷ್ಟು ಒಳ್ಳೇಳು" ಎಂದರು. ಎಲ್ಲರೂ ತಲೆಯಾಡಿಸಿದರು. ತುಮಕೂರು ಬಸ್ಸು ಬಂತು, ಹತ್ತಿದೆ.

ಬಾಯಲ್ಲಿ ಹೇಳಿದ್ದನ್ನು ಅವರು ನಂಬಲಿಲ್ಲ. ಅದಕ್ಕೇ ಬರೆದಿದ್ದೇನೆ, ಪ್ರತಿ ಹಾಳೆಯ ಹಿಂದೆಯೂ ನನ್ನ ಹೆಸರನ್ನು ನನ್ನ ಕೈಯಿಂದಲೇ ಹಾಕಿದ್ದೇನೆ. ಸಿಂಚನಾ, ದೀಕ್ಷಿತ್, ಈ ಹಾಳೆಗಳನ್ನು ಹಳೇ ಪೇಪರಿನ ಜೊತೆ ಹಾಕಬೇಡಿ, ಮನೆ ಬದಲಾಯಿಸುವಾಗ ಬಿಟ್ಟು ಹೋಗಬೇಡಿ. ನಾನು ಹೋದ ಮೇಲೆ ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಬಂದು, ನಿಮ್ಮಜ್ಜಿ ಪಾಪದವಳು, ಅವಳಿಗೇನೂ ಗೊತ್ತಿರಲಿಲ್ಲ ಎಂದರೆ, ಒಳಗೆ ಕರೆದು ಕೂರಿಸಿ, ನೀರು ಕೊಡಿ, ಆಮೇಲೆ ಇದನ್ನು ಜೋರಾಗಿ ಓದಿ ಹೇಳಿ.